ಎಳೆಯ ಮಕ್ಕಳ ಹೊಡೆದಾಟ: ಅಳತೆಗೆ ಸಿಕ್ಕ ಕಥೆ

ಮೂರು ವರ್ಷದ ಮಗು ಪಕ್ಕದ ಮಗುವಿನ ಕೈಯಲ್ಲಿದ್ದ ಆಟಿಕೆಗೆ ಕೈ ಹಾಕುತ್ತದೆ. ಆ ಮಗು ಬಿಡುವುದಿಲ್ಲ. ಆಗ ಇದು ತಳ್ಳುತ್ತದೆ, ಹೊಡೆಯುತ್ತದೆ, ಕೆಲವೊಮ್ಮೆ ಕಚ್ಚುತ್ತದೆ. ನೋಡಿದ ಹಿರಿಯರ ಬಾಯಿಂದ ತಟ್ಟನೆ ಬರುವ ಪ್ರಶ್ನೆ: “ಇದನ್ನೆಲ್ಲ ಎಲ್ಲಿ ಕಲಿತೆ?”

ಈ ಪ್ರಶ್ನೆಯೊಳಗೆ ಒಂದು ಸಿದ್ಧಾಂತವೇ ಅಡಗಿದೆ. ಮಗು ಹುಟ್ಟುವಾಗ ಸಾಧು. ಹೊಡೆಯುವುದನ್ನು ಅದಕ್ಕೆ ಯಾರೋ ಕಲಿಸಿದ್ದಾರೆ ಎಂಬುದೇ ಆ ಸಿದ್ಧಾಂತ. ಮನೆಯವರು ಬೀದಿಯ ಹುಡುಗರನ್ನು ದೂರುತ್ತಾರೆ, ಶಾಲೆಯವರು ಮನೆಯನ್ನು ದೂರುತ್ತಾರೆ, ಇಬ್ಬರೂ ಸೇರಿ ಟೀವಿಯನ್ನೋ ಮೊಬೈಲನ್ನೋ ದೂರುತ್ತಾರೆ. ಆದರೆ ಮಗು ಹೊಡೆಯುವುದನ್ನು ನಿಜವಾಗಿಯೂ ಕಲಿಯುತ್ತದೆಯೆ? ಕಲಿಯುವುದಾದರೆ ಯಾವ ವಯಸ್ಸಿನಲ್ಲಿ, ಯಾರಿಂದ? ಇವು ಅಳತೆಯಿಂದ ಉತ್ತರಿಸಬಹುದಾದ ಪ್ರಶ್ನೆಗಳು. ಅವುಗಳ ಬೆನ್ನು ಹತ್ತಿದ ವಿಜ್ಞಾನಕ್ಕೆ ಈಗ ಸುಮಾರು ಒಂದೂವರೆ ಶತಮಾನದ ಇತಿಹಾಸವಿದೆ. ಅದರ ಮುಖ್ಯ ಘಟ್ಟಗಳನ್ನು ಇಲ್ಲಿ ಪರಿಚಯಿಸಲಾಗಿದೆ.

ಮೊದಲು ಒಂದು ವ್ಯಾಖ್ಯೆ. ಇನ್ನೊಬ್ಬರ ಮೇಲೆ ದೇಹಬಲವನ್ನು ಪ್ರಯೋಗಿಸುವುದನ್ನು ಇಲ್ಲಿ ‘ದೈಹಿಕ ಆಕ್ರಮಣ’ ಎಂದು ಕರೆಯೋಣ. ಹೊಡೆಯುವುದು, ಒದೆಯುವುದು, ಕಚ್ಚುವುದು, ತಳ್ಳುವುದು, ಬಲವಂತವಾಗಿ ಕಿತ್ತುಕೊಳ್ಳುವುದು ಇವೆಲ್ಲ ಇದರಲ್ಲಿ ಸೇರುತ್ತವೆ. ಕೋಪ ಒಳಗಿನ ಭಾವ. ಆಕ್ರಮಣ ಹೊರಗೆ ಕಾಣುವ ಕ್ರಿಯೆ. ಕ್ರಿಯೆಯನ್ನು ಎಣಿಸಬಹುದು. ಎಣಿಕೆ ಸಾಧ್ಯವಾದ ಕಡೆ ವಿಜ್ಞಾನ ಕಾಲಿಡುತ್ತದೆ.

ಡಾರ್ವಿನ್ ಕಂಡ ಮಗ

ಜೀವವಿಕಾಸ ವಾದದ ಚಾರ್ಲ್ಸ್ ಡಾರ್ವಿನ್ ತನ್ನ ಹಿರಿಯ ಮಗ ವಿಲಿಯಂ 1839ರಲ್ಲಿ ಹುಟ್ಟಿದಾಗಿನಿಂದ ಮಗುವಿನ ನಡವಳಿಕೆಯನ್ನು ಟಿಪ್ಪಣಿ ಮಾಡಿಕೊಂಡಿದ್ದ. ಅವನ್ನು ಆಧರಿಸಿದ ಲೇಖನವನ್ನು 1877ರಲ್ಲಿ ‘ಮೈಂಡ್’ ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ. ಎರಡು ವರ್ಷ ಮೂರು ತಿಂಗಳ ಹೊತ್ತಿಗೆ, ತನ್ನನ್ನು ಕೆಣಕಿದವರ ಮೇಲೆ ಪುಸ್ತಕ, ಕೋಲು ಮುಂತಾದವನ್ನು ಎಸೆಯುವುದರಲ್ಲಿ ಮಗ ನಿಪುಣನಾಗಿದ್ದ ಎಂದು ಡಾರ್ವಿನ್ ಬರೆದಿದ್ದಾನೆ. ಬೇರೆ ಕೆಲವು ಗಂಡುಮಕ್ಕಳಲ್ಲೂ ಇದನ್ನು ಕಂಡಿದ್ದ, ಹೆಣ್ಣುಮಕ್ಕಳಲ್ಲಿ ಕಂಡಿರಲಿಲ್ಲ. ಇದು ವಂಶವಾಹಿಯಾಗಿ ಬಂದ ಪ್ರವೃತ್ತಿಯಿರಬೇಕೆಂದು ಊಹಿಸಿದ.

ಒಂದೇ ಮನೆಯ ಮಕ್ಕಳನ್ನು ನೋಡಿ ಸಾಮಾನ್ಯ ನಿಯಮ ಹೇಳಲಾಗದು. ಆದರೂ ಡಾರ್ವಿನ್ನನ ಟಿಪ್ಪಣಿಯ ಒಂದು ಅಂಶವನ್ನು ನೆನಪಿಟ್ಟುಕೊಳ್ಳಿ. ಅದು ಮಗುವಿನ ವಯಸ್ಸು: ಎರಡು ವರ್ಷ ಮೂರು ತಿಂಗಳು. ಈ ಅಂಕಿ ಮುಂದೆ ಮತ್ತೆ ಬರಲಿದೆ.

ತಾಯಂದಿರ ಲೆಕ್ಕ, ನರ್ಸರಿಯ ಗಡಿಯಾರ

ಹೆಚ್ಚು ಮಕ್ಕಳನ್ನು ಕ್ರಮಬದ್ಧವಾಗಿ ಗಮನಿಸುವ ಕೆಲಸ 1930ರ ಆಸುಪಾಸಿನಲ್ಲಿ ಆರಂಭವಾಯಿತು. ಅಮೆರಿಕದ ಮಿನೆಸೊಟ ವಿಶ್ವವಿದ್ಯಾಲಯದ ಫ್ಲಾರೆನ್ಸ್ ಗುಡೆನಫ್ 45 ಮಕ್ಕಳ ತಾಯಂದಿರಿಂದ ಮನೆಯಲ್ಲೇ ದಾಖಲೆ ಇಡಿಸಿದರು. ಮಗು ಯಾವಾಗ ಸಿಟ್ಟಾಯಿತು, ಏಕೆ, ಏನು ಮಾಡಿತು, ಹಿರಿಯರು ಏನು ಮಾಡಿದರು ಎಂಬುದನ್ನು ತಾಯಂದಿರು ಬರೆದಿಡುತ್ತಿದ್ದರು. 1931ರಲ್ಲಿ ಪ್ರಕಟವಾದ ಅವರ ಪುಸ್ತಕದಲ್ಲಿ ಹೀಗೆ ಸಂಗ್ರಹಿಸಿದ 1,878 ಸಿಟ್ಟಿನ ಪ್ರಸಂಗಗಳ ವಿಶ್ಲೇಷಣೆಯಿದೆ. ಮಗುವಿನ ಎರಡನೆಯ ವರ್ಷದಲ್ಲಿ ಸಿಟ್ಟಿನ ಪ್ರಸಂಗಗಳು ಅತಿ ಹೆಚ್ಚಾಗಿದ್ದವು; ಆಮೇಲೆ ಕಡಿಮೆಯಾಗುತ್ತ ಬಂದವು. ಹಸಿವಾದಾಗ, ಮೈ ಸರಿಯಿಲ್ಲದಾಗ ಅವು ಹೆಚ್ಚುತ್ತಿದ್ದವು. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಮಕ್ಕಳು ಜಗಳವಾಡುವುದನ್ನು ಕಂಡಿರುವ ಯಾವ ಶಿಕ್ಷಕರಿಗೂ ಇದು ಆಶ್ಚರ್ಯವೆನಿಸದು.

ಮೂರು ವರ್ಷಗಳ ನಂತರ, 1934ರಲ್ಲಿ, ಹೆಲೆನ್ ಡಾವ್ ಎಂಬ ಸಂಶೋಧಕಿ ನರ್ಸರಿ ಶಾಲೆಯಲ್ಲಿ ಕುಳಿತು ಮಕ್ಕಳ 200 ಜಗಳಗಳನ್ನು ದಾಖಲಿಸಿದರು. ಜಗಳ ಶುರುವಾದಾಗ ಸಮಯ ನೋಡಿಕೊಳ್ಳುವುದು, ಮುಗಿದಾಗ ಬರೆದುಕೊಳ್ಳುವುದು, ಇಷ್ಟೇ ವಿಧಾನ. ಒಂದು ಜಗಳದ ಸರಾಸರಿ ಅವಧಿ ಎಷ್ಟಿತ್ತೆಂದು ಊಹಿಸಬಲ್ಲಿರಾ? ಸುಮಾರು 23 ಸೆಕೆಂಡು! ಬಹುಪಾಲು ಜಗಳಗಳು ವಸ್ತುಗಳಿಗಾಗಿ ನಡೆದವು. ಹೆಚ್ಚಿನವನ್ನು ಮಕ್ಕಳೇ ಬಗೆಹರಿಸಿಕೊಂಡರು. ಮುಗಿದ ಮೇಲೆ ದ್ವೇಷ ಉಳಿಯುತ್ತಿರಲಿಲ್ಲ. ಗಡಿಯಾರವೊಂದನ್ನು ಇಟ್ಟುಕೊಂಡು ನಮ್ಮ ಯಾವುದೇ ಶಿಕ್ಷಕರು ಇದನ್ನು ಇಂದಿಗೂ ಮಾಡಿ ನೋಡಬಹುದು.

ಇಲ್ಲಿ ಒಂದು ಎಚ್ಚರ ಬೇಕು. ಎಳೆದಾಟವೆಲ್ಲ ಜಗಳವಲ್ಲ. ಬ್ರಿಟನ್ನಿನ ನಿಕೊಲಾಸ್ ಬ್ಲರ್ಟನ್ ಜೋನ್ಸ್ ಪ್ರಾಣಿಗಳ ನಡವಳಿಕೆ ಗಮನಿಸುವ ವಿಧಾನವನ್ನು ನರ್ಸರಿ ಮಕ್ಕಳಿಗೆ ಅನ್ವಯಿಸಿ, 1967ರಲ್ಲಿ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಕುಸ್ತಿಯಾಟದಲ್ಲಿ ಮಕ್ಕಳು ನಗುತ್ತಾರೆ, ಅಟ್ಟಿಸಿಕೊಂಡು ಓಡುತ್ತಾರೆ, ಮುಗಿದ ಮೇಲೆ ಜೊತೆಯಲ್ಲೇ ಉಳಿಯುತ್ತಾರೆ. ನಿಜವಾದ ಜಗಳದಲ್ಲಿ ಹುಬ್ಬು ಗಂಟಿಕ್ಕುತ್ತದೆ, ಕಣ್ಣು ನೆಟ್ಟಿರುತ್ತದೆ, ಮುಗಿದ ಮೇಲೆ ಇಬ್ಬರೂ ದೂರ ಸರಿಯುತ್ತಾರೆ. ಕುಸ್ತಿಯಾಟಕ್ಕೆ ಶಿಕ್ಷೆ ಕೊಡುವುದು ತಪ್ಪು ರೋಗಕ್ಕೆ ಔಷಧಿ ಕೊಟ್ಟಂತೆ.

ಗೊಂಬೆಗೆ ಬಿದ್ದ ಪೆಟ್ಟು

ಹೊಡೆಯುವುದಕ್ಕೆ ಕಾರಣವೇನೆಂಬ ಪ್ರಶ್ನೆಗೆ 1939ರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ನಾಲ್ವರು ಸಂಗಡಿಗರು ಒಂದು ಸರಳ ಉತ್ತರ ಕೊಟ್ಟರು: ಬಯಸಿದ್ದಕ್ಕೆ ಅಡ್ಡಿ ಬಂದಾಗ ಹತಾಶೆ, ಹತಾಶೆಯಿಂದ ಆಕ್ರಮಣ. ಆದರೆ ಹತಾಶರಾದವರೆಲ್ಲ ಹೊಡೆಯುವುದಿಲ್ಲ. ಕೆಲವರು ಅಳುತ್ತಾರೆ, ಕೆಲವರು ಸುಮ್ಮನಾಗುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬಂತು?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆಲ್ಬರ್ಟ್ ಬಂಡೂರ, ಡೊರೊತಿಯ ರಾಸ್ ಮತ್ತು ಶೀಲಾ ರಾಸ್ 1961ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಉತ್ತರ ಹುಡುಕಿತು. 36 ಹುಡುಗರು, 36 ಹುಡುಗಿಯರು, ಒಟ್ಟು 72 ನರ್ಸರಿ ಮಕ್ಕಳು ಅದರಲ್ಲಿ ಭಾಗವಹಿಸಿದ್ದರು. ಒಂದು ಗುಂಪಿನ ಮಕ್ಕಳ ಎದುರು ಹಿರಿಯರೊಬ್ಬರು ಗಾಳಿ ತುಂಬಿದ ದೊಡ್ಡ ಗೊಂಬೆಯನ್ನು ಸುತ್ತಿಗೆಯಿಂದ ಹೊಡೆದರು, ಒದ್ದರು, ಮೇಲಕ್ಕೆಸೆದರು. ಇನ್ನೊಂದು ಗುಂಪಿನ ಎದುರು ಹಿರಿಯರು ಶಾಂತವಾಗಿ ಬೇರೆ ಆಟಿಕೆಗಳೊಂದಿಗೆ ಇದ್ದರು. ಮೂರನೆಯ ಗುಂಪಿಗೆ ಯಾರನ್ನೂ ತೋರಿಸಲಿಲ್ಲ. ಆಮೇಲೆ ಮಕ್ಕಳನ್ನು ಒಬ್ಬೊಬ್ಬರಾಗಿ ಆ ಗೊಂಬೆಯಿದ್ದ ಕೋಣೆಗೆ ಬಿಟ್ಟರು. ಹೊಡೆತವನ್ನು ಕಂಡ ಮಕ್ಕಳು ಅದನ್ನೇ, ಅದೇ ಚೇಷ್ಟೆ, ಅದೇ ಮಾತುಗಳ ಸಮೇತ ಅನುಕರಿಸಿದರು.

ಬಂಡೂರ 1965ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಹೊಡೆದ ವ್ಯಕ್ತಿಗೆ ಶಿಕ್ಷೆಯಾಗುವ ಚಲನಚಿತ್ರ ನೋಡಿದ ಮಕ್ಕಳು ಕಡಿಮೆ ಅನುಕರಿಸಿದರು. ಆದರೆ “ನೋಡಿದ್ದನ್ನು ಮಾಡಿ ತೋರಿಸಿದರೆ ಬಹುಮಾನ” ಎಂದಾಗ ಅವರೂ ಉಳಿದವರಷ್ಟೇ ಚೆನ್ನಾಗಿ ಮಾಡಿ ತೋರಿಸಿದರು! ಶಿಕ್ಷೆ ಕ್ರಿಯೆಯನ್ನು ತಡೆದಿತ್ತು, ಕಲಿಕೆಯನ್ನು ಅಳಿಸಿರಲಿಲ್ಲ.

ಈ ಪ್ರಯೋಗಗಳಿಗೆ ಆಕ್ಷೇಪಣೆಗಳೂ ಬಂದವು. ಆ ಗೊಂಬೆ ಹೊಡೆಯಲೆಂದೇ ಮಾಡಿದ್ದು. ಗೊಂಬೆಗೆ ಹೊಡೆಯುವುದೂ ಜೀವಂತ ಮಗುವಿಗೆ ಹೊಡೆಯುವುದೂ ಒಂದೇ ಅಲ್ಲ ಎಂಬುದು ಅವುಗಳಲ್ಲಿ ಮುಖ್ಯವಾದದ್ದು. ಅಲ್ಲದೆ, ಹೊಡೆತದ ಹೊಸ ಬಗೆಯೊಂದನ್ನು ಮಗು ಅನುಕರಿಸಬಲ್ಲದು ಎಂದರೆ ಹೊಡೆಯುವುದನ್ನೇ ಅನುಕರಣೆಯಿಂದ ಕಲಿಯಿತೆಂದು ಅರ್ಥವಲ್ಲ. ಈ ಎರಡರ ನಡುವಿನ ಅಂತರ ಸ್ಪಷ್ಟವಾಗಲು ಇನ್ನೂ ಮೂರು ದಶಕ ಬೇಕಾಯಿತು.

ಕೀರಲುವ ಧ್ವನಿವರ್ಧಕ

ಬಂಡೂರ ಪ್ರಯೋಗಾಲಯದಲ್ಲಿ ಕಂಡದ್ದನ್ನು ಜೆರಾಲ್ಡ್ ಪ್ಯಾಟರ್ಸನ್ ಮತ್ತು ಸಂಗಡಿಗರು ನಿಜವಾದ ನರ್ಸರಿ ಶಾಲೆಗಳಲ್ಲಿ ಹುಡುಕಿದರು. 1967ರಲ್ಲಿ ಪ್ರಕಟವಾದ ಈ ಅಧ್ಯಯನ, ಹೊಡೆದ ಮರುಕ್ಷಣ ಏನಾಗುತ್ತದೆ ಎಂಬುದರ ಮೇಲೆ ಕಣ್ಣಿಟ್ಟಿತು. ಬಹುಪಾಲು ಸಂದರ್ಭಗಳಲ್ಲಿ ಹೊಡೆಸಿಕೊಂಡ ಮಗು ಅಳುತ್ತಿತ್ತು, ಆಟಿಕೆ ಬಿಟ್ಟುಕೊಡುತ್ತಿತ್ತು, ಇಲ್ಲವೆ ಜಾಗ ಖಾಲಿ ಮಾಡುತ್ತಿತ್ತು. ಅಂದರೆ ಹೊಡೆತಕ್ಕೆ ಫಲ ಸಿಗುತ್ತಿತ್ತು. ಫಲ ಸಿಕ್ಕಾಗ ಹೊಡೆದ ಮಗು ಅದೇ ಮಗುವಿನ ಮೇಲೆ ಅದೇ ಕ್ರಿಯೆಯನ್ನು ಪುನರಾವರ್ತಿಸುತ್ತಿತ್ತು. ಎದುರಿನ ಮಗು ತಿರುಗಿಬಿದ್ದರೆ ಗುರಿ ಬದಲಾಗುತ್ತಿತ್ತು. ಇನ್ನೂ ಗಮನಾರ್ಹವಾದ ಸಂಗತಿಯೆಂದರೆ, ಮೊದಲು ಸಾಧುವಾಗಿದ್ದು ಪದೇ ಪದೇ ಪೆಟ್ಟು ತಿಂದ ಕೆಲವು ಮಕ್ಕಳು ಒಮ್ಮೆ ತಿರುಗಿ ಹೊಡೆದು ಗೆದ್ದಮೇಲೆ ತಾವೂ ಹೊಡೆಯುವವರ ಸಾಲಿಗೆ ಸೇರಿದರು. ಒಡನಾಡಿಗಳ ಪ್ರಭಾವ ಎಂದರೆ ಕೆಟ್ಟ ಹುಡುಗನನ್ನು ನೋಡಿ ಕಲಿಯುವುದಷ್ಟೇ ಅಲ್ಲ. ಪೆಟ್ಟು ತಿನ್ನುವ ಮಗುವೂ ತನಗರಿವಿಲ್ಲದೆ ಶಿಕ್ಷಕನಾಗುತ್ತದೆ.

ಪ್ಯಾಟರ್ಸನ್ ಇದೇ ದೃಷ್ಟಿಯನ್ನು ಮನೆಗೂ ಒಯ್ದರು. 1982ರಲ್ಲಿ ಬಂದ ಅವರ ಪುಸ್ತಕ ವಿವರಿಸುವ ಸರಣಿ ನಮಗೆಲ್ಲ ಪರಿಚಿತ. ತಾಯಿ ಮಗುವಿಗೆ ಏನೋ ಹೇಳುತ್ತಾಳೆ. ಮಗು ಹಟ ಮಾಡುತ್ತದೆ. ತಾಯಿ ಗದರುತ್ತಾಳೆ. ಮಗು ಕಿರುಚಿ ಒದೆಯುತ್ತದೆ. ಸಾಕಾಗಿ ತಾಯಿ ಬಿಟ್ಟುಬಿಡುತ್ತಾಳೆ. ಕಿರುಚಿದರೆ ಕೆಲಸ ತಪ್ಪುತ್ತದೆ ಎಂದು ಮಗು ಕಲಿಯಿತು. ಬಿಟ್ಟುಕೊಟ್ಟರೆ ಗಲಾಟೆ ನಿಲ್ಲುತ್ತದೆ ಎಂದು ತಾಯಿ ಕಲಿತಳು. ಇನ್ನೊಂದು ದಿನ ತಾಯಿ ಕೈ ಎತ್ತುತ್ತಾಳೆ, ಮಗು ಸುಮ್ಮನಾಗುತ್ತದೆ. ಹೊಡೆದರೆ ಕೆಲಸವಾಗುತ್ತದೆ ಎಂಬುದು ಆಗ ಇಬ್ಬರಿಗೂ ಪಾಠ. ಮುಂದಿನ ಸಲ ಇಬ್ಬರೂ ಒಂದು ಮೆಟ್ಟಿಲು ಮೇಲಿನಿಂದಲೇ ಆರಂಭಿಸುತ್ತಾರೆ.

ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಮೈಕನ್ನು ಧ್ವನಿವರ್ಧಕದ ಎದುರಿಗಿಟ್ಟರೆ ಕೀರಲುವ ಸದ್ದು ಏಳುತ್ತದೆ. ಧ್ವನಿವರ್ಧಕದ ಸದ್ದನ್ನೇ ಮೈಕು ಹಿಡಿದು ಮತ್ತೆ ಧ್ವನಿವರ್ಧಕಕ್ಕೆ ಕೊಡುತ್ತದೆ. ಪ್ರತಿ ಸುತ್ತಿನಲ್ಲೂ ಅದು ಹೆಚ್ಚುತ್ತದೆ. ಇದನ್ನು ಧನಾತ್ಮಕ ಫೀಡ್‌ಬ್ಯಾಕ್ ಎನ್ನುತ್ತೇವೆ. ಈ ಸದ್ದಿಗೆ ಮೈಕು ಕಾರಣವೋ ಧ್ವನಿವರ್ಧಕ ಕಾರಣವೋ ಎಂದು ಕೇಳುವುದರಲ್ಲಿ ಅರ್ಥವಿಲ್ಲ. ಕಾರಣ ಇರುವುದು ಸುತ್ತಿನಲ್ಲಿ. ಅದನ್ನು ನಿಲ್ಲಿಸಲು ಇನ್ನೂ ಜೋರಾಗಿ ಕೂಗಿದರೆ ಪ್ರಯೋಜನವಿಲ್ಲ. ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು.

ಅಳತೆ ಎಲ್ಲಿಂದ ಆರಂಭವಾಗಬೇಕು?

1980ರ ದಶಕದವರೆಗೆ ಒಂದು ನಂಬಿಕೆ ಗಟ್ಟಿಯಾಗಿತ್ತು: ಮಕ್ಕಳ ಆಕ್ರಮಣಶೀಲತೆ ವಯಸ್ಸಿನೊಂದಿಗೆ ಏರಿ ಹದಿಹರೆಯದಲ್ಲಿ ಶಿಖರ ಮುಟ್ಟುತ್ತದೆ. ಅಪರಾಧದ ಅಂಕಿಅಂಶಗಳು ಹಾಗೆಯೇ ಹೇಳುತ್ತಿದ್ದವು. ಕೆನಡಾದ ಮಾಂಟ್ರಿಯಲ್‌ನಲ್ಲಿ ರಿಚರ್ಡ್ ಟ್ರೆಂಬ್ಲೆ 1984ರಲ್ಲಿ ಬಡ ಬಡಾವಣೆಗಳ ಶಿಶುವಿಹಾರಗಳಿಂದ 1,037 ಹುಡುಗರನ್ನು ಆರಿಸಿಕೊಂಡು, ವರ್ಷಾನುಗಟ್ಟಲೆ ಹಿಂಬಾಲಿಸಿದರು. ಸುಮಾರು ಆರು ವರ್ಷದ ಈ ಹುಡುಗರು ಬೆಳೆಯುತ್ತ ಹೆಚ್ಚು ಹೆಚ್ಚು ಹೊಡೆದಾಡುತ್ತಾರೆ ಎಂಬುದು ನಿರೀಕ್ಷೆ.

ಆದದ್ದು ಇದಕ್ಕೆ ವಿರುದ್ಧ. ಡೇನಿಯಲ್ ನಾಗಿನ್ ಜೊತೆಗೂಡಿ ಟ್ರೆಂಬ್ಲೆ 1999ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, 6ರಿಂದ 15ನೆಯ ವರ್ಷದ ನಡುವೆ ದೈಹಿಕ ಆಕ್ರಮಣ ಏರುತ್ತ ಹೋದ ಗುಂಪೇ ಕಾಣಲಿಲ್ಲ. ಬಹುಪಾಲು ಹುಡುಗರಲ್ಲಿ ಅದು ಇಳಿಯುತ್ತ ಬಂತು. ಸುಮಾರು ನೂರಕ್ಕೆ 17 ಮಂದಿ ಹೊಡೆದಾಡಿದ್ದೇ ಇಲ್ಲ. ನೂರಕ್ಕೆ 4ರಷ್ಟು ಹುಡುಗರು ಮಾತ್ರ ಉದ್ದಕ್ಕೂ ಹೆಚ್ಚಿನ ಮಟ್ಟದಲ್ಲೇ ಉಳಿದರು. ಮುಂದೆ ಗಂಭೀರ ಹಿಂಸೆಯತ್ತ ಜಾರುವ ಅಪಾಯ ಅತಿ ಹೆಚ್ಚಿದ್ದುದು ಇವರಲ್ಲಿ.

ಮೇಲಕ್ಕೆಸೆದ ಕಲ್ಲು ಕೆಳಗೆ ಬೀಳುತ್ತಿರುವಾಗ ಮಾತ್ರ ಅದನ್ನು ನೋಡಿದವನು ಏನು ತಿಳಿಯಬೇಕು? ಅದರ ಪಥದ ಶಿಖರ ತಾನು ನೋಡುವ ಮೊದಲೇ ಕಳೆದಿದೆ ಎಂದು. ಟ್ರೆಂಬ್ಲೆ ತಂಡ ಇನ್ನೂ ಎಳೆಯ ಮಕ್ಕಳತ್ತ ತಿರುಗಿತು. ಕ್ವಿಬೆಕ್ ಪ್ರಾಂತ್ಯದ 511 ಮಕ್ಕಳ ತಾಯಂದಿರನ್ನು ಕೇಳಿದಾಗ, 17 ತಿಂಗಳಷ್ಟರಲ್ಲೇ ನೂರಕ್ಕೆ ಸುಮಾರು 80 ಮಕ್ಕಳು ಯಾವುದಾದರೊಂದು ಬಗೆಯ ದೈಹಿಕ ಆಕ್ರಮಣ ತೋರಿದ್ದರು. ಮನೆಯಲ್ಲಿ ಅಣ್ಣ, ಅಕ್ಕಂದಿರಿದ್ದ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. 2004ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನ 572 ಕುಟುಂಬಗಳ ಮಕ್ಕಳನ್ನು 5 ತಿಂಗಳಿನಿಂದ 42 ತಿಂಗಳವರೆಗೆ ಹಿಂಬಾಲಿಸಿತು. ಹೆಚ್ಚಿನ ಮಕ್ಕಳಲ್ಲಿ ಆಕ್ರಮಣ ಈ ಅವಧಿಯಲ್ಲಿ ಏರುತ್ತಿತ್ತು. ಇಂಥ ಅಧ್ಯಯನಗಳನ್ನು ಜೋಡಿಸಿದರೆ, ದೈಹಿಕ ಆಕ್ರಮಣದ ಶಿಖರ ಇರುವುದು ಸುಮಾರು ಎರಡರಿಂದ ಮೂರೂವರೆ ವರ್ಷದ ನಡುವೆ. ಡಾರ್ವಿನ್ನನ ಮಗನ ವಯಸ್ಸು ನೆನಪಾಯಿತೆ?

ಹಾಗಾದರೆ “ಎಲ್ಲಿ ಕಲಿತೆ?” ಎಂಬ ಪ್ರಶ್ನೆಯನ್ನು ತಿದ್ದಿಕೊಳ್ಳಬೇಕಾಗುತ್ತದೆ. ಕೈಕಾಲು ಸ್ವಾಧೀನಕ್ಕೆ ಬಂದು, ಬೇಕು ಎಂಬ ಆಸೆ ಬಲಿತು, ಕೇಳುವ ಮಾತು ಇನ್ನೂ ಬಲಿಯದ ಮಗುವಿಗೆ ಹೊಡೆತ ಕೈಗೆ ಸಿಕ್ಕುವ ಮೊದಲ ಸಾಧನ. ಮಗು ನಿಧಾನವಾಗಿ ಕಲಿಯುವುದು ಅದನ್ನು ಬಿಟ್ಟುಕೊಡುವುದನ್ನು. ಸರದಿ ಕಾಯುವುದು, ಬಾಯಲ್ಲಿ ಕೇಳುವುದು, ಅದಲುಬದಲು ಮಾಡುವುದು, ಅಳುವ ಗೆಳೆಯನನ್ನು ನೋಡಿ ಕೈ ಹಿಂತೆಗೆಯುವುದು, ಇವೆಲ್ಲ ಕಲಿಕೆಗಳು. ಮನೆಯವರು ಮತ್ತು ಒಡನಾಡಿಗಳು ಈ ಕಲಿಕೆಗೆ ನೆರವಾಗುತ್ತಾರೆ ಇಲ್ಲವೆ ಅಡ್ಡಿಯಾಗುತ್ತಾರೆ.

ಮನೆಯ ಪಾತ್ರ

2004ರ ಅಧ್ಯಯನದಲ್ಲಿ ನೂರಕ್ಕೆ ಸುಮಾರು 14 ಮಕ್ಕಳು ಉಳಿದವರಿಗಿಂತ ಬಹಳ ಮೇಲಿನ ಮಟ್ಟದಲ್ಲಿದ್ದರು. ಅವರ ಮನೆಗಳಲ್ಲಿ ಹೆಚ್ಚಾಗಿ ಕಂಡ ಅಂಶಗಳು: ಎಳೆಯ ಒಡಹುಟ್ಟಿದವರು, ಕಡಿಮೆ ವರಮಾನ, ಚಿಕ್ಕ ವಯಸ್ಸಿನಲ್ಲೇ ತಾಯಿಯಾದುದು, ಗರ್ಭಿಣಿಯಾಗಿದ್ದಾಗ ಧೂಮಪಾನ, ಗಂಡಹೆಂಡಿರ ನಡುವೆ ವಿರಸ, ಮಗುವಿನೊಂದಿಗೆ ಒರಟು ವರ್ತನೆ. ಈ ಪಟ್ಟಿಯಲ್ಲಿ ತಾಯಿಯನ್ನು ದೂರಲು ಬೇಕಾದುದಕ್ಕಿಂತ ತಾಯಿಗೆ ನೆರವಾಗಲು ಬೇಕಾದುದು ಹೆಚ್ಚಿದೆ.

ಅನುವಂಶೀಯತೆಯ ಪಾಲೂ ಇದೆ. ಕ್ವಿಬೆಕ್‌ನ ಅವಳಿ ಮಕ್ಕಳ ಅಧ್ಯಯನದಲ್ಲಿ, 19 ತಿಂಗಳ ವಯಸ್ಸಿನಲ್ಲಿ ಮಕ್ಕಳ ನಡುವಿನ ವ್ಯತ್ಯಾಸದ ಅರ್ಧಕ್ಕೂ ಹೆಚ್ಚು ಭಾಗ ವಂಶವಾಹಿಗಳಿಂದ ಬಂದುದೆಂದು ಅಂದಾಜಾಯಿತು. ಅದೇ ಮಕ್ಕಳಲ್ಲಿ, ಹೆಚ್ಚು ಪದಗಳನ್ನು ಬಳಸಬಲ್ಲವರು ಸ್ವಲ್ಪ ಕಡಿಮೆ ಹೊಡೆಯುತ್ತಿದ್ದರು. ಸಂಬಂಧ ಬಲವಾದುದಲ್ಲ; ಆದರೆ ದಿಕ್ಕು ಸ್ಪಷ್ಟ.

ಇನ್ನು ಪೆಟ್ಟಿನ ಪ್ರಶ್ನೆ. ‘ದಂಡಂ ದಶಗುಣಂ’ ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಎಲಿಜಬೆತ್ ಗರ್ಶಾಫ್ ಮತ್ತು ಆಂಡ್ರ್ಯೂ ಗ್ರೋಗನ್-ಕೇಲರ್ 2016ರಲ್ಲಿ, ಒಟ್ಟು 1,60,927 ಮಕ್ಕಳನ್ನು ಒಳಗೊಂಡ 75 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಕೈಯಿಂದ ಹೊಡೆಸಿಕೊಂಡ ಮಕ್ಕಳಲ್ಲಿ ಆಕ್ರಮಣಶೀಲತೆ ಹೆಚ್ಚೇ ಇತ್ತು, ಕಡಿಮೆಯಿರಲಿಲ್ಲ. ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಶ್ನೆ ಕೇಳಬೇಕು: ಪೆಟ್ಟಿನಿಂದ ಮಗು ಒರಟಾಯಿತೋ, ಒರಟಾದ ಮಗುವಿಗೆ ಪೆಟ್ಟು ಹೆಚ್ಚು ಬಿತ್ತೋ? ಸಹಸಂಬಂಧವೇ ಕಾರಣವಲ್ಲ. ಮಕ್ಕಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ, ಅವರ ಆರಂಭದ ಒರಟುತನವನ್ನು ಲೆಕ್ಕದಿಂದ ಕಳೆದ ಅಧ್ಯಯನಗಳಲ್ಲೂ ಪೆಟ್ಟಿನ ಪರಿಣಾಮ ಚಿಕ್ಕದಾಗಿಯಾದರೂ ಉಳಿಯುತ್ತದೆ. ಎರಡೂ ದಿಕ್ಕಿನಲ್ಲಿ ಪ್ರಭಾವವಿದೆ. ಅದೇ ಕೀರಲುವ ಮೈಕಿನ ಸುತ್ತು.

“ಎಲ್ಲರೂ ಹೊಡೆಯುವ ಊರಿನಲ್ಲಿ ಮಗು ಅದನ್ನು ತಪ್ಪು ತಿಳಿಯುವುದಿಲ್ಲ” ಎಂಬ ವಾದವನ್ನೂ ಪರೀಕ್ಷಿಸಲಾಗಿದೆ. ಜೆನಿಫರ್ ಲ್ಯಾನ್ಸ್‌ಫರ್ಡ್ ಮತ್ತು ಸಂಗಡಿಗರು 2005ರಲ್ಲಿ ಭಾರತ, ಚೀನಾ, ಇಟಲಿ, ಕೀನ್ಯಾ, ಫಿಲಿಪೀನ್ಸ್, ಥಾಯ್ಲೆಂಡ್‌ಗಳ 336 ತಾಯಿ-ಮಗು ಜೋಡಿಗಳ ಅಧ್ಯಯನ ಪ್ರಕಟಿಸಿದರು. ಪೆಟ್ಟು ಸಾಮಾನ್ಯವೆನಿಸಿದ ಕಡೆ ಅದರ ದುಷ್ಪರಿಣಾಮದ ಸಂಬಂಧ ಸ್ವಲ್ಪ ಸಡಿಲವಾಗಿತ್ತು. ಆದರೆ ಅಲ್ಲಿಯೂ ಹೆಚ್ಚು ಪೆಟ್ಟು ತಿಂದ ಮಕ್ಕಳಲ್ಲಿ ಆಕ್ರಮಣ ಮತ್ತು ಆತಂಕ ಹೆಚ್ಚೇ ಇದ್ದವು.

ಒಡನಾಡಿಗಳ ಪಾತ್ರ

ಒಡನಾಟದ ಅತಿ ವಿಶಾಲವಾದ ಚಿತ್ರ ಕೊಟ್ಟವರು ಬಿಯಾಟ್ರಿಸ್ ಮತ್ತು ಜಾನ್ ವೈಟಿಂಗ್ ದಂಪತಿ. 1950ರ ದಶಕದ ಮಧ್ಯದಲ್ಲಿ ಆರಂಭವಾದ ಅವರ ಯೋಜನೆ ಆರು ಸಮುದಾಯಗಳ ಮಕ್ಕಳನ್ನು ಸಹಜ ಪರಿಸರದಲ್ಲೇ ಗಮನಿಸಿತು. ಅವುಗಳಲ್ಲೊಂದು ಅಧ್ಯಯನಕಾರರು ‘ಖಾಲಾಪುರ’ ಎಂದು ಕರೆದ ಉತ್ತರ ಪ್ರದೇಶದ ಹಳ್ಳಿ. ಮುಂದೆ 1988ರಲ್ಲಿ ಬಿಯಾಟ್ರಿಸ್ ವೈಟಿಂಗ್ ಮತ್ತು ಕ್ಯಾರೊಲಿನ್ ಎಡ್ವರ್ಡ್ಸ್ ಇಂಥ ವೀಕ್ಷಣೆಗಳಿಂದ ಒಂದು ಮುಖ್ಯ ತೀರ್ಮಾನಕ್ಕೆ ಬಂದರು: ಮಗು ಯಾರ ಜೊತೆ ಸಮಯ ಕಳೆಯುತ್ತದೆ ಎಂಬುದೇ ಅದರ ನಡತೆಯನ್ನು ಬಹುಮಟ್ಟಿಗೆ ರೂಪಿಸುತ್ತದೆ. ಹಸುಳೆಯ ಜೊತೆಗಿದ್ದಾಗ ಮಗುವಿನಲ್ಲಿ ಪೋಷಣೆಯ ಗುಣ ಹೊರಬರುತ್ತದೆ. ಸಮವಯಸ್ಕರ ಜೊತೆಗೆ ಪೈಪೋಟಿ, ಜಗಳ ಹೆಚ್ಚು.

ಸ್ನೇಹಿತರ ಪ್ರಭಾವಕ್ಕೂ ವಂಶವಾಹಿಗೂ ನಂಟಿದೆ. ಕ್ವಿಬೆಕ್‌ನ ಅವಳಿಗಳು ಶಿಶುವಿಹಾರಕ್ಕೆ ಬಂದ ಮೇಲೆ ಮಾಡಿದ, 2007ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಆಕ್ರಮಣದ ಅನುವಂಶೀಯ ಒಲವಿರುವ ಮಗುವಿನಲ್ಲಿ ಆ ಒಲವು ಹೆಚ್ಚಾಗಿ ಪ್ರಕಟವಾಗುವುದು ಅದರ ಗೆಳೆಯರೂ ಆಕ್ರಮಣಶೀಲರಾಗಿದ್ದಾಗ. ಒಂದೇ ಬೀಜ, ಬೇರೆ ಬೇರೆ ಮಣ್ಣು. ಹದಿಹರೆಯದವರ ಮೇಲಿನ ಕೆಲಸವೂ ಇದಕ್ಕೆ ಪೂರಕ. ತಂಟೆಕೋರರನ್ನು ಮಾತ್ರ ಒಂದೆಡೆ ಸೇರಿಸಿ ‘ತಿದ್ದಲು’ ಹೊರಟ ಕೆಲವು ಕಾರ್ಯಕ್ರಮಗಳು ಅವರನ್ನು ಇನ್ನಷ್ಟು ಕೆಡಿಸಿದವೆಂದು ಥಾಮಸ್ ಡಿಷನ್, ಜೋನ್ ಮೆಕಾರ್ಡ್ ಮತ್ತು ಫ್ರಾಂಸ್ವಾ ಪೂಲಿನ್ 1999ರಲ್ಲಿ ತೋರಿಸಿದರು. ಗಲಾಟೆ ಮಾಡುವವರನ್ನೆಲ್ಲ ಹಿಂದಿನ ಬೆಂಚಿನಲ್ಲಿ ಒಟ್ಟಿಗೆ ಕೂರಿಸುವ ನಮ್ಮ ರೂಢಿಯನ್ನು ಇದರ ಬೆಳಕಿನಲ್ಲಿ ನೋಡಬೇಕು.

ನಮ್ಮ ನಾಡಿನಲ್ಲಿ

ಕರ್ನಾಟಕಕ್ಕೆ ಮನೋವಿಜ್ಞಾನ ತಡವಾಗಿ ಬಂದುದೇನಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿ ಅವರ ನೇತೃತ್ವದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾಯಿತು. 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಆರಂಭಿಸಿದವರೂ ಅವರೇ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ನಿಮ್ಹಾನ್ಸ್ ಆಯಿತು.

ನಮ್ಮ ವಿಷಯಕ್ಕೆ ಅತಿ ಹತ್ತಿರದ ಸ್ಥಳೀಯ ಮಾಹಿತಿ ಬಂದದ್ದು ನಿಮ್ಹಾನ್ಸ್‌ನಿಂದಲೇ. ಶೋಭಾ ಶ್ರೀನಾಥ್, ಸತೀಶಚಂದ್ರ ಗಿರಿಮಾಜಿ ಮತ್ತು ಸಂಗಡಿಗರು ಬೆಂಗಳೂರಿನ ಮಧ್ಯಮ ವರ್ಗದ ಬಡಾವಣೆ, ಕೊಳೆಗೇರಿ ಮತ್ತು ಗ್ರಾಮೀಣ ಪ್ರದೇಶಗಳಿಂದ 16 ವರ್ಷದೊಳಗಿನ 2,064 ಮಕ್ಕಳನ್ನು ಆರಿಸಿ ಪರೀಕ್ಷಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೂರಕ್ಕೆ ಸುಮಾರು 12 ಮಕ್ಕಳಲ್ಲಿ ಯಾವುದಾದರೊಂದು ಮನೋ-ವರ್ತನಾ ತೊಂದರೆಯಿತ್ತು. ಈ ಸಮೀಕ್ಷೆ ಕೇವಲ ಆಕ್ರಮಣದ ಬಗೆಗಿನದಲ್ಲ. ಆದರೆ ತೊಂದರೆಗಳೊಂದಿಗೆ ಸ್ಪಷ್ಟ ಸಂಬಂಧ ತೋರಿದ ಅಂಶಗಳು ಗಮನಾರ್ಹ: ಮಗುವಿಗೆ ದೈಹಿಕ ಹಿಂಸೆ ಮತ್ತು ತಂದೆತಾಯಿಯರ ಮಾನಸಿಕ ಅಸ್ವಾಸ್ಥ್ಯ. ಮಾಂಟ್ರಿಯಲ್‌ನಂತೆ ಬೆಂಗಳೂರಿನಲ್ಲೂ ಬೆರಳು ಮನೆಯ ಕಡೆಗೇ ತೋರಿತು.

ಮನೆಯ ಆಚೆಗೆ ಮಗುವಿನ ಮೊದಲ ಸಂಸ್ಥೆ ಅಂಗನವಾಡಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರ. ಇಂದು ಅದು ರಾಜ್ಯದ ಮೂಲೆಮೂಲೆಯಲ್ಲಿದೆ. ಅಂಗನವಾಡಿಯ ಶಾಲಾಪೂರ್ವ ಶಿಕ್ಷಣ 3ರಿಂದ 6 ವರ್ಷದವರಿಗೆ. ಮೇಲಿನ ವಕ್ರರೇಖೆಯನ್ನು ನೆನಪಿಸಿಕೊಳ್ಳಿ. ದೈಹಿಕ ಆಕ್ರಮಣ ಶಿಖರದಲ್ಲಿರುವಾಗಲೇ ಮಗು ಅಂಗನವಾಡಿಯ ಹೊಸ್ತಿಲು ದಾಟುತ್ತದೆ. ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕರು ತುಂಟ ಎಂದು ಗುರುತಿಸುವ ಹುಡುಗನ ಮಟ್ಟಿಗೆ, ಅತಿ ಸುಲಭವಾಗಿ ತಿದ್ದಬಹುದಾಗಿದ್ದ ಕಾಲ ಕಳೆದು ಎಷ್ಟೋ ವರ್ಷವಾಗಿರುತ್ತದೆ.

ತುಮಕೂರು ಜಿಲ್ಲೆಯ ಮಿಡಿಗೇಶಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಕೋಟೆಬೆಟ್ಟದ ಬುಡದಲ್ಲಿರುವ, ಮಧುಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಈ ಸೀಮೆಯದು ಹೆಚ್ಚಾಗಿ ಮಳೆ ನಂಬಿದ ಬೇಸಾಯ. ಕಡಲೆಕಾಯಿ ಕೀಳುವ ಕಾಲದಲ್ಲಿ ತಂದೆತಾಯಿ ಹೊಲದಲ್ಲಿದ್ದರೆ, ಏಳೆಂಟು ವರ್ಷದ ಅಕ್ಕ ತಮ್ಮನನ್ನು ಸೊಂಟದ ಮೇಲೆ ಹೊತ್ತು ತಿರುಗುವುದನ್ನು ಇಲ್ಲಿಯವರೆಲ್ಲ ಕಂಡಿದ್ದಾರೆ. ವೈಟಿಂಗ್ ಅವರ ದೃಷ್ಟಿಯಿಂದ ನೋಡಿದರೆ ಅಕ್ಕನಿಗೆ ಇದು ಪೋಷಣೆಯ ಪಾಠ, ತಮ್ಮನಿಗೆ ತಿದ್ದುವ ಕೈ. ಆದರೆ ಹೊರೆ ಅತಿಯಾಗಿ ದಣಿದ ಅಕ್ಕ ಕೈ ಎತ್ತುವುದೂ ಉಂಟು; ಅವಳ ಶಾಲೆ ತಪ್ಪುವುದೂ ಉಂಟು. ಅಂಗನವಾಡಿಯಲ್ಲಾದರೋ ಮಕ್ಕಳು ಬಹುತೇಕ ಸಮವಯಸ್ಕರು, ಆಟಿಕೆಗಳು ಕೆಲವೇ. ಪೈಪೋಟಿಗೆ ಬೇಕಾದ ಸಕಲ ಸಾಮಗ್ರಿಯೂ ಅಲ್ಲಿದೆ.

ಇನ್ನೊಂದು ಅಂಶ ಗಡಿ ಭಾಗಕ್ಕೆ ವಿಶೇಷವಾದುದು. ಪಾವಗಡದ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಮಗು ಕನ್ನಡದ ಅಂಗನವಾಡಿಗೆ ಬರುತ್ತದೆ. ಮಾತು ಬಲಿತಂತೆ ಹೊಡೆತ ಇಳಿಯುತ್ತದೆ ಎಂಬುದು ನಿಜವಾದರೆ, “ನನಗೆ ಕೊಡು”, “ನನ್ನ ಸರದಿ” ಎಂಬ ಮಾತುಗಳನ್ನು ಮೊದಲ ವಾರದಲ್ಲೇ ಎರಡೂ ಭಾಷೆಗಳಲ್ಲಿ ಹೇಳಿಕೊಡುವುದು ಭಾಷಾಪಾಠವಷ್ಟೇ ಆಗಿರುವುದಿಲ್ಲ.

ತರಗತಿಗೆ ಏನು ಉಪಯೋಗ?

1986ರ ರಾಷ್ಟ್ರೀಯ ಶಿಕ್ಷಣ ನೀತಿ ದೈಹಿಕ ಶಿಕ್ಷೆ ಶಿಕ್ಷಣ ವ್ಯವಸ್ಥೆಯಿಂದ ಹೊರಹೋಗಬೇಕೆಂದಿತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ಅದನ್ನು ನಿಷೇಧಿಸಿತು. ಆದರೆ ಈ ಕಾಯ್ದೆಯಲ್ಲಿ ‘ಮಗು’ ಎಂದರೆ 6ರಿಂದ 14 ವರ್ಷದವರು. ಹೊಡೆಯದಿರುವುದನ್ನು ಕಲಿಯುವ ಮುಖ್ಯ ವರ್ಷಗಳು ಅದಕ್ಕೂ ಹಿಂದಿನವು. ಐದು ವರ್ಷ ಮುದ್ದಿಸಿ ಆಮೇಲೆ ಹತ್ತು ವರ್ಷ ಹೊಡೆದು ತಿದ್ದಬೇಕೆಂಬ ಹಳೆಯ ಮಾತೊಂದು ನಮ್ಮಲ್ಲಿದೆ. ಅಳತೆಗಳ ಪ್ರಕಾರ, ತಿದ್ದುವ ಕಾಲ ಆ ಮೊದಲ ಐದು ವರ್ಷ. ತಿದ್ದುವ ಸಾಧನ ಪೆಟ್ಟಲ್ಲ.

ಶಿಕ್ಷಕರೂ ಅಂಗನವಾಡಿ ಕಾರ್ಯಕರ್ತೆಯರೂ ಮಾಡಬಹುದಾದ ಕೆಲವು ಸರಳ ಕೆಲಸಗಳಿವೆ. ಹೊಡೆತಕ್ಕೆ ಫಲ ಸಿಗದಂತೆ ನೋಡಿಕೊಳ್ಳುವುದು ಮೊದಲನೆಯದು. ಕಿತ್ತುಕೊಂಡ ಆಟಿಕೆ ಶಾಂತವಾಗಿ ಮೊದಲಿನ ಕೈಗೆ ಮರಳಬೇಕು. ಬಾಯಲ್ಲಿ ಕೇಳಿದ ಮಗುವಿಗೆ ಫಲ ಸಿಗುವಂತೆ ಮಾಡುವುದು ಎರಡನೆಯದು. ತಂಟೆಕೋರನನ್ನು ಸಮಾಧಾನಿಗಳ ನಡುವೆ ಕೂರಿಸಬೇಕು. ಪದೇ ಪದೇ ಪೆಟ್ಟು ತಿನ್ನುವ ಮಗುವನ್ನು ಮರೆಯಬಾರದು. ನಾಳೆ ಅದೂ ಕೈ ಎತ್ತಬಹುದು. ಹಸಿವು, ನಿದ್ದೆ, ಅನಾರೋಗ್ಯಗಳನ್ನು ಮೊದಲು ವಿಚಾರಿಸಬೇಕು. ಮಾಂಟ್ರಿಯಲ್‌ನಲ್ಲೇ ತಂಟೆಕೋರ ಹುಡುಗರ ತಂದೆತಾಯಿಯರಿಗೆ ತರಬೇತಿ ಕೊಟ್ಟು, ಹುಡುಗರಿಗೆ ಸೌಮ್ಯ ಸ್ವಭಾವದ ಒಡನಾಡಿಗಳ ಜೊತೆಯಲ್ಲಿ ಬೆರೆಯುವ ಕೌಶಲ ಕಲಿಸಿದ ಪ್ರಯೋಗವೊಂದು ನಡೆಯಿತು. ಹಾಗೆ ನೆರವು ಪಡೆದವರಲ್ಲಿ ಪ್ರೌಢಶಾಲೆ ಮುಗಿಸಿದವರ ಪ್ರಮಾಣ ನೆರವಿಲ್ಲದವರಿಗಿಂತ ಹೆಚ್ಚಾಗಿತ್ತು. ಮನೆ ಮತ್ತು ಒಡನಾಡಿಗಳನ್ನು ಒಟ್ಟಿಗೆ ಹಿಡಿದದ್ದು ಆ ಪ್ರಯೋಗದ ವಿಶೇಷ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ’ ಎಂಬ ಗಾದೆಯನ್ನು ನಾವು ಬೆತ್ತ ಹಿಡಿಯಲು ಸಮರ್ಥನೆಯಾಗಿ ಬಳಸಿದ್ದೇ ಹೆಚ್ಚು. ಗಿಡವನ್ನು ಬಗ್ಗಿಸುವ ತೋಟಗಾರ ಅದಕ್ಕೆ ಹೊಡೆಯುವುದಿಲ್ಲ. ಪಕ್ಕದಲ್ಲಿ ಒಂದು ಊರೆಗೋಲು ನೆಟ್ಟು ಸಡಿಲವಾಗಿ ಕಟ್ಟುತ್ತಾನೆ. ನೂರರಲ್ಲಿ ತೊಂಬತ್ತಾರು ಹುಡುಗರು ಕಾಲಕ್ರಮದಲ್ಲಿ ಹೇಗೋ ಕಲಿತುಕೊಳ್ಳುತ್ತಾರೆ. ಉಳಿದ ನಾಲ್ವರು ಯಾರೆಂಬುದು ಅಂಗನವಾಡಿಯ ಚಾಪೆಯ ಮೇಲೆ ಕುಳಿತಿರುವಾಗ ಇನ್ನೂ ತೀರ್ಮಾನವಾಗಿರುವುದಿಲ್ಲ. ಅವರಿಗೆ ಊರೆಗೋಲು ಬೇಕಾಗಿರುವುದು ಆಗಲೇ.